ಹಳೆಯ ಅಂಬಾಸಿಡರ್‌ಗೆ ಹೊಸ ಕ್ಯಾಮ್‌ಶಾಫ್ಟ್: ಆಯ್ಕೆಯಿಂದ ಜೋಡಣೆಯವರೆಗೆ ಸಮಗ್ರ ಮಾರ್ಗದರ್ಶಿ

ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಇನ್ನೂ ಎಷ್ಟು ಶಕ್ತಿ ಕೊಡಬಲ್ಲದು? ಇದಕ್ಕೆ ಇಂಗ್ಲೆಂಡಿನ ಬಿಎಂಸಿ ಕಂಪನಿ 1955ರಲ್ಲೇ ಉತ್ತರ ಕೊಟ್ಟಿದೆ. ಇದೇ ಬಿ-ಸೀರೀಸ್ ಎಂಜಿನ್ನನ್ನು ಅದು ಆಸ್ಟಿನ್ ಎ50 ಕೇಂಬ್ರಿಜ್ ಎಂಬ ಸಂಸಾರಸ್ಥರ ಸಲೂನ್‌ಗೂ ಹಾಕಿತು, ಎಂಜಿಎ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರಿಗೂ ಹಾಕಿತು. ಎರಡರಲ್ಲೂ ಬೋರ್ (ಸಿಲಿಂಡರ್ ವ್ಯಾಸ) 73 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 88.9 ಮಿ.ಮೀ. ಕೇಂಬ್ರಿಜ್‌ನಲ್ಲಿ 4,400 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) 50 ಅಶ್ವಶಕ್ತಿ ಬಂದರೆ, ಎಂಜಿಎಯಲ್ಲಿ 5,500ರಲ್ಲಿ ಮೊದಲು 68, ಆಮೇಲೆ 72 ಬಂತು.

ಇಷ್ಟು ಓದಿದವರು ಸಾಮಾನ್ಯವಾಗಿ ಇಲ್ಲಿಗೇ ನಿಂತು ಕ್ಯಾಮ್, ಅಂದರೆ ತನ್ನ ಲೋಬ್‌ಗಳಿಂದ (ಉಬ್ಬುಗಳಿಂದ) ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ದಂಡ, ಹುಡುಕಲು ಹೊರಡುತ್ತಾರೆ. ಮುಂದಿನ ಅಂಕಿಯನ್ನೂ ನೋಡಿ. ಕೇಂಬ್ರಿಜ್‌ನ ಗರಿಷ್ಠ ಟಾರ್ಕ್ (ಎಳೆಯುವ ಬಲ) ಸುಮಾರು 100 ನ್ಯೂಟನ್ ಮೀಟರ್, ಅದೂ 2,100 ಆರ್‌ಪಿಎಂನಲ್ಲೇ. ಎಂಜಿಎಯ ಟಾರ್ಕ್ ಸುಮಾರು 105, ಆದರೆ 3,500ರಲ್ಲಿ. ಎಳೆಯುವ ಬಲ ಹೆಚ್ಚಿದ್ದು ಅತ್ಯಲ್ಪ. ಅದು ಸಿಗುವ ಜಾಗ 1,400 ಆರ್‌ಪಿಎಂ ಮೇಲಕ್ಕೆ ಹೋಯಿತು. ಕ್ಯಾಮ್‌ಶಾಫ್ಟ್ ಮುಖ್ಯವಾಗಿ ಮಾಡುವ ಕೆಲಸವೇ ಇದು. ಟಾರ್ಕನ್ನು ಅದು ಆರ್‌ಪಿಎಂ ಮಾಪಕದ ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಇಡುತ್ತದೆ. ಎಲ್ಲಿ ಇಡಬೇಕು ಎಂದು ನೀವು ಮೊದಲೇ ತೀರ್ಮಾನಿಸದಿದ್ದರೆ ಕ್ಯಾಟಲಾಗ್ ತೀರ್ಮಾನಿಸುತ್ತದೆ, ಮತ್ತು ಕ್ಯಾಟಲಾಗ್ ಬರೆದವರು ಶಿರಾಡಿ ಘಾಟಿ ಹತ್ತಿದವರಲ್ಲ.

ಈ ಮಾರ್ಗದರ್ಶಿ ಪುಷ್‌ರಾಡ್ (ಕೆಳಗಿನ ಕ್ಯಾಮ್‌ನ ಚಲನೆಯನ್ನು ಮೇಲಿನ ವಾಲ್ವ್‌ಗೆ ಒಯ್ಯುವ ಕಡ್ಡಿ) ಇರುವ, ಕಾರ್ಬೊರೇಟರ್‌ನ ಬಿ-ಸೀರೀಸ್ ಪೆಟ್ರೋಲ್ ಎಂಜಿನ್ನಿಗೆ. 1990ರ ದಶಕದ ಇಸುಜು 1800 ಎಂಜಿನ್‌ನಲ್ಲಿ ಕ್ಯಾಮ್ ಇರುವುದು ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಮೇಲೆ. ಅದರ ದಾರಿ ಬೇರೆ. ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಎಂಜಿನ್ ಇಟ್ಟುಕೊಂಡವರಿಗೆ ಅಂಕಿಗಳು ಬದಲಾಗುತ್ತವೆ, ಯೋಚಿಸುವ ಕ್ರಮ ಇದೇ.

ಹಂತ 1: ಎಂಜಿನ್ ದಿನವಿಡೀ ಯಾವ ಆರ್‌ಪಿಎಂನಲ್ಲಿ ಇರುತ್ತದೆ, ಲೆಕ್ಕ ಹಾಕಿ

ಹಿಂದಿನ ಆಕ್ಸಲ್ ಅನುಪಾತ, ಅಂದರೆ ಚಕ್ರ ಒಂದು ಸುತ್ತು ಬರಲು ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ದಂಡ) ಎಷ್ಟು ಸುತ್ತಬೇಕು ಎಂಬುದು, ಗೊತ್ತಿಲ್ಲದಿದ್ದರೆ ಪುಸ್ತಕ ನಂಬಬೇಡಿ. ಇಷ್ಟು ವರ್ಷಗಳಲ್ಲಿ ಯಾರು ಯಾವ ಡಿಫರೆನ್ಷಿಯಲ್ ಹಾಕಿದ್ದಾರೋ ಹೇಳಲಾಗದು. ಗೇರ್ ನ್ಯೂಟ್ರಲ್‌ಗೆ ಹಾಕಿ, ಮುಂದಿನ ಚಕ್ರಗಳಿಗೆ ಅಡ್ಡ ಕಲ್ಲು ಕೊಟ್ಟು, ಹಿಂದಿನ ಒಂದೇ ಚಕ್ರವನ್ನು ಜಾಕ್ ಮೇಲೆ ಎತ್ತಿ. ಇನ್ನೊಂದು ನೆಲದ ಮೇಲೇ ಇರಲಿ. ಎತ್ತಿದ ಚಕ್ರವನ್ನು ಎರಡು ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತುತ್ತದೆ ಎಂದು ಸೀಮೆಸುಣ್ಣದ ಗುರುತು ಹಾಕಿ ಎಣಿಸಿ. ಬಂದ ಸಂಖ್ಯೆಯೇ ಅನುಪಾತ.

5.90-15 ಟಯರ್ ಒಂದು ಸುತ್ತಿಗೆ ಹೆಚ್ಚು ಕಡಿಮೆ 2.05 ಮೀಟರ್ ಹೋಗುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ 650 ಸುತ್ತು. ಆಕ್ಸಲ್ ಅನುಪಾತ 4.5 ಎಂದಿಟ್ಟುಕೊಂಡರೆ ಟಾಪ್ ಗೇರಿನಲ್ಲಿ ಎಂಜಿನ್ 2,900ರ ಆಸುಪಾಸು. ಟಾಪ್ ಗೇರ್ ನೇರ, ಅಂದರೆ 1:1, ಆದ್ದರಿಂದ ಲೆಕ್ಕ ಸುಲಭ. ಊರೊಳಗೆ 40ರಲ್ಲಿ ಟಾಪ್ ಗೇರ್ ಹಾಕಿ ಹೋಗುವವರು 1,450ರಲ್ಲಿ ಇರುತ್ತಾರೆ. ತುಮಕೂರು ರಸ್ತೆಯಲ್ಲಿ 90ಕ್ಕೆ ಓಡಿಸಿದರೂ 3,300 ದಾಟುವುದಿಲ್ಲ.

ಈಗ ಮೇಲಿನ ಅಂಕಿಗೆ ಹೋಲಿಸಿ. ಎಂಜಿಎಯ ಟಾರ್ಕ್ ಶಿಖರ 3,500. ನಿಮ್ಮ ಅಂಬಾಸಿಡರ್ ಹೆದ್ದಾರಿಯಲ್ಲೂ ಅದರ ಕೆಳಗೇ ಇರುತ್ತದೆ. ಎಂಜಿಎ ಅಂಬಾಸಿಡರ್‌ಗಿಂತ ಹಗುರ, ಅದರಲ್ಲಿ ಕೂರುವವರು ಇಬ್ಬರೇ. ಆರು ಜನ, ಡಿಕ್ಕಿ ತುಂಬ ಸಾಮಾನು ಇಟ್ಟುಕೊಂಡು ಚಾರ್ಮಾಡಿ ಹತ್ತುವ ಕಾರಿಗೆ 1,500ರಿಂದ 3,500ರ ನಡುವಿನ ಪುಲಿಂಗ್ ಬೇಕು. ಹಾಗಾಗಿ ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ: ಮನಸ್ಸು ಕೇಳಿದ ಕ್ಯಾಮ್‌ಗಿಂತ ಒಂದು ಮೆಟ್ಟಿಲು ಕೆಳಗಿನದನ್ನು ಆರಿಸಿ. ರಸ್ತೆ ಕಾರಿನಲ್ಲಿ ಕ್ಯಾಮ್ ಸೌಮ್ಯವಾಯಿತೆಂದು ಕೊರಗಿದವರು ಕಡಿಮೆ. ಅತಿಯಾಯಿತೆಂದು ಎಂಜಿನ್ ಮತ್ತೆ ಬಿಚ್ಚಿದವರೇ ಹೆಚ್ಚು.

ಹಂತ 2: ಈಗಿರುವ ಕ್ಯಾಮ್ ಸವೆದಿದೆಯೇ?

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ದಶಕಗಟ್ಟಲೆ ಓಡಿದ ಎಂಜಿನ್‌ನಲ್ಲಿ ಲೋಬ್‌ಗಳು ಮೊಂಡಾಗಿರುವುದು ತೀರಾ ಸಾಮಾನ್ಯ. ಅಂಥ ಎಂಜಿನ್ನಿಗೆ ಕಂಪನಿ ಅಳತೆಯದೇ ಹೊಸ ಕ್ಯಾಮ್, ಹೊಸ ಟ್ಯಾಪೆಟ್ (ಲೋಬಿನ ಮೇಲೆ ಕೂತು ಪುಷ್‌ರಾಡನ್ನು ಎತ್ತುವ ಭಾಗ) ಹಾಕಿದರೂ ಕಾರು ಬೇರೆಯೇ ಆಗುತ್ತದೆ. ಎಷ್ಟೋ ಜನರಿಗೆ ಬೇಕಾಗಿರುವುದು ಅಷ್ಟೇ.

ವಾಲ್ವ್ ಕವರ್ ತೆಗೆಯಿರಿ, ರಾಕರ್ ಶಾಫ್ಟ್ (ಪುಷ್‌ರಾಡ್ ಎತ್ತಿದಾಗ ವಾಲ್ವನ್ನು ಒತ್ತುವ ಸನ್ನೆಗಳಿರುವ ದಂಡ) ಬಿಚ್ಚಿ ಬದಿಗಿಡಿ. ಬಿ-ಸೀರೀಸ್‌ನಲ್ಲಿ ರಾಕರ್ ಪೆಡಸ್ಟಲ್‌ನ ನಟ್‌ಗಳಲ್ಲಿ ಕೆಲವು ಹೆಡ್ಡನ್ನೂ ಹಿಡಿದಿರುತ್ತವೆ. ಆದ್ದರಿಂದ ಮೊದಲು ರೇಡಿಯೇಟರ್ ನೀರು ಇಳಿಸಿ, ನಟ್‌ಗಳನ್ನು ಕ್ರಮವಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಹೆಡ್ ಗ್ಯಾಸ್ಕೆಟ್ ಹಳೆಯದಾಗಿದ್ದರೆ ಅದೂ ಬದಲಾಗಬಹುದು ಎಂಬ ಸಿದ್ಧತೆ ಇರಲಿ. ಪುಷ್‌ರಾಡ್ ತುದಿಯ ಮೇಲೆ ಡಯಲ್ ಗೇಜ್ (ಸಣ್ಣ ಚಲನೆ ಅಳೆಯುವ ಮುಳ್ಳಿನ ಮಾಪಕ) ಕೂರಿಸಿ, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ನಿಧಾನ ತಿರುಗಿಸಿ, ಎಂಟು ಲೋಬ್‌ಗಳ ಲಿಫ್ಟ್ (ಎತ್ತುವ ಎತ್ತರ) ಬರೆದುಕೊಳ್ಳಿ. ಎಂಟೂ ಒಂದಕ್ಕೊಂದು ಹತ್ತಿರ ಇದ್ದರೆ ಕ್ಯಾಮ್ ಬದುಕಿದೆ. ಒಂದೆರಡು ಲೋಬ್ ಉಳಿದವುಗಳಿಗಿಂತ 0.2 ಮಿ.ಮೀ. ಮೀರಿ ಕಡಿಮೆ ಲಿಫ್ಟ್ ತೋರಿಸಿದರೆ ಅವುಗಳ ಗಡಸು ಪದರ ಹೋಗಿದೆ ಎಂದೇ ತಿಳಿಯಿರಿ.

ಜೊತೆಗೆ ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಎಂಬ ಅಳತೆ. ನಾಲ್ಕೂ ಸಿಲಿಂಡರ್‌ಗಳು ಹತ್ತು ಪ್ರತಿಶತದೊಳಗೆ ಹೊಂದಬೇಕು. ರಿಂಗ್ ಹೋದ, ವಾಲ್ವ್ ಸೋರುವ ಎಂಜಿನ್ನಿಗೆ ಒಳ್ಳೆಯ ಕ್ಯಾಮ್ ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಬೆಂಗಳೂರಿನವರು ಇನ್ನೊಂದು ನೆನಪಿಡಬೇಕು: ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲೆ ಗಾಳಿಯ ಒತ್ತಡವೇ ಸುಮಾರು ಹತ್ತು ಪ್ರತಿಶತ ಕಡಿಮೆ. ಮಂಗಳೂರಿನ ಗ್ಯಾರೇಜ್‌ನಲ್ಲಿ ಬಂದ ಕಂಪ್ರೆಷನ್ ಅಂಕಿ ಇಲ್ಲಿ ಬರಲಿಲ್ಲವೆಂದು ಗಾಬರಿ ಬೇಡ.

ಹಂತ 3: ಕ್ಯಾಮ್ ಕಾರ್ಡಿನ ಅಂಕಿಗಳನ್ನು ಓದುವುದು

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿ. ತಯಾರಕರು ಕ್ಯಾಮ್ ಜೊತೆ ಕೊಡುವ ಕಾರ್ಡಿನಲ್ಲಿ ಅದರ ಟೈಮಿಂಗನ್ನು, ಅಂದರೆ ಕ್ರ್ಯಾಂಕ್ ಯಾವ ಡಿಗ್ರಿಯಲ್ಲಿರುವಾಗ ವಾಲ್ವ್ ತೆರೆದು ಮುಚ್ಚುತ್ತದೆ ಎಂಬುದನ್ನು, ನಾಲ್ಕು ಅಂಕಿಗಳಲ್ಲಿ ಬರೆಯುವುದು ರೂಢಿ. ಬಿಎಂಸಿ ಸಲೂನ್‌ಗಳಲ್ಲಿ ಕಾಣುವ ಸೌಮ್ಯ ಕ್ಯಾಮ್ 5-45-40-10. ಅಂದರೆ ಮಿಶ್ರಣವನ್ನು ಒಳಬಿಡುವ ಇನ್‌ಲೆಟ್ ವಾಲ್ವ್ ಪಿಸ್ಟನ್ ಮೇಲ್ತುದಿ ಮುಟ್ಟುವ 5 ಡಿಗ್ರಿ ಮೊದಲು ತೆರೆದು, ಕೆಳತುದಿ ದಾಟಿ 45 ಡಿಗ್ರಿಗೆ ಮುಚ್ಚುತ್ತದೆ. ಹೊಗೆಯನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಕೆಳತುದಿಗೆ 40 ಡಿಗ್ರಿ ಮೊದಲು ತೆರೆದು, ಮೇಲ್ತುದಿ ದಾಟಿ 10 ಡಿಗ್ರಿಗೆ ಮುಚ್ಚುತ್ತದೆ. 5, 180, 45 ಕೂಡಿದರೆ ಇನ್‌ಲೆಟ್ ತೆರೆದಿರುವ ಒಟ್ಟು ಅವಧಿ, ಅಂದರೆ ಡ್ಯುರೇಷನ್, 230 ಡಿಗ್ರಿ. ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಓವರ್‌ಲ್ಯಾಪ್ 5 ಮತ್ತು 10 ಸೇರಿ 15.

ಎಂಜಿಎ 1500ರ ಕ್ಯಾಮ್ 16-56-51-21. ಡ್ಯುರೇಷನ್ 252, ಓವರ್‌ಲ್ಯಾಪ್ 37.

ಎರಡನ್ನೂ ಪಕ್ಕಪಕ್ಕ ಇಟ್ಟು ಲೋಬ್ ಸೆಂಟರ್ (ವಾಲ್ವ್ ಪೂರ್ತಿ ತೆರೆಯುವ ಬಿಂದು) ಲೆಕ್ಕ ಹಾಕಿ ನೋಡಿ. ಡ್ಯುರೇಷನ್‌ನ ಅರ್ಧದಿಂದ ತೆರೆಯುವ ಕೋನ ಕಳೆಯಬೇಕು: 115ರಲ್ಲಿ 5 ಹೋದರೆ 110, 126ರಲ್ಲಿ 16 ಹೋದರೆ 110. ಎಕ್ಸಾಸ್ಟ್ ಕಡೆ 115ರಲ್ಲಿ 10, 126ರಲ್ಲಿ 21, ಎರಡಕ್ಕೂ 105. ಸ್ಪೋರ್ಟ್ಸ್ ಕ್ಯಾಮ್‌ನಲ್ಲಿ ಲೋಬ್‌ಗಳ ಮಧ್ಯಬಿಂದುಗಳು ಕದಲಿಲ್ಲ. ಪ್ರತಿ ಲೋಬ್ ಎರಡೂ ಬದಿಗೆ 11 ಡಿಗ್ರಿ ಅಗಲವಾಯಿತು, ಅಷ್ಟೇ. ಸೌಮ್ಯ ಸಲೂನ್‌ಗೂ ಸ್ಪೋರ್ಟ್ಸ್ ಕಾರಿಗೂ ಇರುವ ಅಂತರ ಒಂದು ಬದಿಗೆ ಬರೀ 11 ಡಿಗ್ರಿ ಎಂಬುದು ಮನಸ್ಸಿನಲ್ಲಿ ಕೂತರೆ, 285 ಡಿಗ್ರಿಯ ಕ್ಯಾಮ್ ಎಂಥ ದೂರದ ಜಿಗಿತ ಎಂಬುದು ತಾನಾಗಿ ಅರ್ಥವಾಗುತ್ತದೆ.

ನಾಲ್ಕು ಅಂಕಿಗಳಲ್ಲಿ ತೂಕದ ಅಂಕಿ ಎರಡನೆಯದು, ಇನ್‌ಲೆಟ್ ಮುಚ್ಚುವ ಹೊತ್ತು. ಪಿಸ್ಟನ್ ಕೆಳತುದಿ ಮುಟ್ಟಿ ಮೇಲಕ್ಕೆ ಹೊರಟರೂ ಇನ್‌ಲೆಟ್ ವಾಲ್ವ್ ತೆರೆದೇ ಇರುತ್ತದೆ. ಎಂಜಿನ್ ಜೋರಾಗಿ ತಿರುಗುವಾಗ ಪೋರ್ಟಿನಲ್ಲಿ (ವಾಲ್ವ್‌ವರೆಗಿನ ದಾರಿಯಲ್ಲಿ) ಓಡಿಬರುವ ಮಿಶ್ರಣ ತನ್ನ ವೇಗದಿಂದಲೇ ಒಳಗೆ ನುಗ್ಗುತ್ತಿರುತ್ತದೆ, ತಡವಾಗಿ ಮುಚ್ಚಿದಷ್ಟೂ ಸಿಲಿಂಡರ್ ತುಂಬುತ್ತದೆ. 1,500ರಲ್ಲಿ ಆ ವೇಗವೇ ಇಲ್ಲ. ಒಳಗೆ ಬಂದದ್ದನ್ನು ಪಿಸ್ಟನ್ ವಾಪಸ್ ಕಾರ್ಬೊರೇಟರ್ ಕಡೆಗೆ ತಳ್ಳುತ್ತದೆ. ಟಾಪ್ ಗೇರಿನಲ್ಲಿ ಎಂಜಿನ್ ತಿಣುಕುವುದು ಹೀಗೆ.

ಓವರ್‌ಲ್ಯಾಪ್‌ನ ಕಷ್ಟ ಐಡ್ಲಿಂಗ್‌ನಲ್ಲಿ ಕಾಣುತ್ತದೆ. ಥ್ರಾಟಲ್ ಮುಚ್ಚಿದಾಗ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಇರುವುದರಿಂದ ಸುಟ್ಟ ಹೊಗೆ ಇನ್‌ಲೆಟ್ ಕಡೆಗೆ ಹಿಂದೆ ನುಗ್ಗಿ ಹೊಸ ಮಿಶ್ರಣವನ್ನು ಕೆಡಿಸುತ್ತದೆ. ಎಂಜಿನ್ ಕುಂಟುತ್ತದೆ, ಸುಡದ ಪೆಟ್ರೋಲ್ ಹೊಗೆಕೊಳವೆಯಿಂದ ಹೊರಗೆ ಬರುತ್ತದೆ. ಹೊಗೆ ತಪಾಸಣೆಯನ್ನು ಐಡ್ಲಿಂಗ್‌ನಲ್ಲೇ ಮಾಡುವುದರಿಂದ ಪಿಯುಸಿ ಪ್ರಮಾಣಪತ್ರಕ್ಕೂ ಇದು ತೊಡಕು. ಬ್ರೇಕ್ ಬೂಸ್ಟರ್ ಹಾಕಿಸಿಕೊಂಡಿದ್ದರೆ ಅದಕ್ಕೆ ಸಿಗುವ ನಿರ್ವಾತವೂ ಇಳಿಯುತ್ತದೆ. ಕುಂಟುವ ಐಡ್ಲಿಂಗ್‌ನ ಸದ್ದಿಗೆ ಮಾರುಹೋಗುವವರು ಈ ಕೊನೆಯ ಮಾತನ್ನು ಎರಡು ಸಲ ಓದಬೇಕು.

ಲಿಫ್ಟ್ ವಿಷಯದಲ್ಲಿ ಒಂದು ಅಳತೆ ಸಾಕು. ವಾಲ್ವ್ ತನ್ನ ವ್ಯಾಸದ ಕಾಲು ಭಾಗ ಎತ್ತಿದ ಮೇಲೆ ಅದರ ಸುತ್ತಲಿನ ದಾರಿ ಪೋರ್ಟಿನಷ್ಟೇ ಅಗಲವಾಗುತ್ತದೆ. ಆಮೇಲಿನ ಲಿಫ್ಟ್‌ನಿಂದ ಲಾಭ ಕಡಿಮೆ. ಎಂಜಿಎ 1500ರ ಇನ್‌ಲೆಟ್ ವಾಲ್ವ್ 38.1 ಮಿ.ಮೀ., ಅದರ ಕಾಲು ಭಾಗ 9.5. ಬಿ-ಸೀರೀಸ್ ರಾಕರ್ ಅನುಪಾತ (ಲೋಬ್ ಎತ್ತಿದ್ದರ ಎಷ್ಟು ಪಟ್ಟು ವಾಲ್ವ್ ತೆರೆಯುತ್ತದೆ ಎಂಬುದು) 1.4ರ ಆಸುಪಾಸು, ಆದ್ದರಿಂದ ಲೋಬ್ ಲಿಫ್ಟ್ 6.5ರಿಂದ 6.8 ಮಿ.ಮೀ. ಇದ್ದರೆ ಅಲ್ಲಿಗೆ ಮುಟ್ಟುತ್ತದೆ. ನಿಮ್ಮ ಹೆಡ್ಡಿನ ವಾಲ್ವ್ ಅಳೆದು ಈ ಲೆಕ್ಕ ಮಾಡಿ. ವಾಲ್ವ್ ಚಿಕ್ಕದಾಗಿದ್ದು ಪೋರ್ಟ್ ಹಾಗೇ ಇದ್ದರೆ 11 ಮಿ.ಮೀ. ಲಿಫ್ಟ್ ಕೊಡುವ ಕ್ಯಾಮ್‌ನಿಂದ ಸ್ಪ್ರಿಂಗ್, ಗೈಡ್ ಸವೆಯುತ್ತವೆಯೇ ಹೊರತು ಕಾರು ಓಡುವುದಿಲ್ಲ.

ಬೇರೆ ಬೇರೆ ತಯಾರಕರ ಡ್ಯುರೇಷನ್ ಅಂಕಿಗಳನ್ನು ನೇರವಾಗಿ ಹೋಲಿಸಬೇಡಿ. ವಾಲ್ವ್ ತೆರೆಯಿತು ಎಂದು ಯಾವ ಲಿಫ್ಟ್‌ನಿಂದ ಎಣಿಸಿದ್ದಾರೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು. ಕಂಪನಿಯ ಹಳೆಯ ಅಂಕಿಗಳಂತೂ ಟೈಮಿಂಗ್ ಪರೀಕ್ಷೆಗೆಂದೇ ಹೆಚ್ಚಿಸಿದ ಟ್ಯಾಪೆಟ್ ಅಂತರದಲ್ಲಿ ತೆಗೆದವು. ಆದ್ದರಿಂದ ಟ್ಯಾಪೆಟ್ ಬಳಿ 0.050 ಇಂಚು, ಅಂದರೆ 1.27 ಮಿ.ಮೀ. ಲಿಫ್ಟ್‌ನಲ್ಲಿ ಡ್ಯುರೇಷನ್ ಎಷ್ಟು ಎಂದು ಕೇಳಿ. ಆ ಅಂಕಿ ಕೊಡಲು ಹಿಂಜರಿಯುವವರ ಬಳಿ ಕೊಳ್ಳಬೇಡಿ.

ಹಂತ 4: ಕಂಪ್ರೆಷನ್ ಹೊಂದಿಸದೆ ಕ್ಯಾಮ್ ಹಾಕಬೇಡಿ

ದೊಡ್ಡ ಕ್ಯಾಮ್ ಹಾಕಿದ ಮೇಲೆ ಕಾರು ಮೊದಲಿಗಿಂತ ಮಂಕಾಯಿತು ಎನ್ನುವ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ. ಇನ್‌ಲೆಟ್ ಮುಚ್ಚುವವರೆಗೆ ಸಿಲಿಂಡರ್ ಏನನ್ನೂ ಒತ್ತುವುದಿಲ್ಲ. ಆದ್ದರಿಂದ ನಿಜವಾದ ಕಂಪ್ರೆಷನ್ ಶುರುವಾಗುವುದು ಆಗಲೇ.

ಬಿ-ಸೀರೀಸ್‌ನ ಸ್ಟ್ರೋಕ್, ಕನೆಕ್ಟಿಂಗ್ ರಾಡ್ ಉದ್ದ ಹಿಡಿದು ಲೆಕ್ಕ ಮಾಡಿದರೆ, 45 ಡಿಗ್ರಿಗೆ ಮುಚ್ಚುವ ಕ್ಯಾಮ್‌ನಲ್ಲಿ ಸ್ಟ್ರೋಕಿನ ಸುಮಾರು 89 ಪ್ರತಿಶತ ಉಪಯೋಗಕ್ಕೆ ಉಳಿಯುತ್ತದೆ. 56 ಡಿಗ್ರಿಗಾದರೆ 83. 66 ಡಿಗ್ರಿಗೆ ಮುಚ್ಚುವ ಕ್ಯಾಮ್ ಆದರೆ 76. ಕಂಪ್ರೆಷನ್ ಅನುಪಾತ (ಪಿಸ್ಟನ್ ಕೆಳತುದಿಯಲ್ಲಿದ್ದಾಗಿನ ಜಾಗ ಮೇಲ್ತುದಿಯಲ್ಲಿದ್ದಾಗಿನ ಜಾಗದ ಎಷ್ಟು ಪಟ್ಟು ಎಂಬುದು) 8.3 ಇರುವ ಎಂಜಿನ್ ಮೊದಲ ಕ್ಯಾಮ್‌ನಲ್ಲಿ ನಿಜವಾಗಿ ಒತ್ತುವುದು 7.5ರಷ್ಟು, ಎರಡನೆಯದರಲ್ಲಿ 7.0, ಮೂರನೆಯದರಲ್ಲಿ 6.5. ಕಳೆದುಕೊಂಡದ್ದನ್ನು ಮರಳಿ ಪಡೆಯಲು 252 ಡಿಗ್ರಿಯ ಕ್ಯಾಮ್‌ಗೆ ಅನುಪಾತ 8.8ಕ್ಕೆ, 66ಕ್ಕೆ ಮುಚ್ಚುವ ಕ್ಯಾಮ್‌ಗೆ 9.5ಕ್ಕೆ ಏರಬೇಕು. ನಿಮ್ಮದು 7.2ರ ಹಳೆಯ ಲೋ-ಕಂಪ್ರೆಷನ್ ಎಂಜಿನ್ ಆಗಿದ್ದರೆ ಕ್ಯಾಮ್ ಆಸೆಗೂ ಮೊದಲು ಪಿಸ್ಟನ್, ಹೆಡ್ ಕೆಲಸ ಮಾಡಿಸಿ. ಆ ಒಂದೇ ಕೆಲಸದಿಂದ ಎಲ್ಲ ಆರ್‌ಪಿಎಂನಲ್ಲೂ ಲಾಭ ಉಂಟು.

ಒಂದು ಸಿಲಿಂಡರ್ 372 ಸಿಸಿ. 8.3 ಅನುಪಾತಕ್ಕೆ ಪಿಸ್ಟನ್ ಮೇಲ್ತುದಿಯಲ್ಲಿ ಉಳಿಯುವ ಒಟ್ಟು ಜಾಗ 51 ಸಿಸಿ, 8.8ಕ್ಕೆ ಅದು 47.7 ಆಗಬೇಕು. ಈ ಜಾಗದಲ್ಲಿ ಹೆಡ್ಡಿನ ಕುಳಿಯ ಜೊತೆಗೆ ಗ್ಯಾಸ್ಕೆಟ್ ದಪ್ಪವೂ ಪಿಸ್ಟನ್ ತಗ್ಗೂ ಸೇರಿವೆ. ಹೆಡ್ ಎಷ್ಟು ಸ್ಕಿಮ್ ಮಾಡಿಸಬೇಕೆಂದು (ತಳವನ್ನು ಎಷ್ಟು ತೆಳ್ಳಗೆ ಕಡೆಸಬೇಕೆಂದು) ಅಂದಾಜಿಗೆ ಹೇಳಬೇಡಿ. ಹೆಡ್ಡನ್ನು ಬೋರಲು ಹಾಕಿ, ವಾಲ್ವ್, ಪ್ಲಗ್ ಕೂರಿಸಿ, ಕುಳಿಯ ಅಂಚಿಗೆ ಗ್ರೀಸ್ ಹಚ್ಚಿ, ತೂತಿರುವ ಪಾರದರ್ಶಕ ಅಕ್ರಿಲಿಕ್ ತುಂಡು ಒತ್ತಿ, ಬ್ಯುರೆಟ್‌ನಿಂದ ಸೀಮೆಎಣ್ಣೆ ಬಿಟ್ಟು ಅಳೆಯಿರಿ. ಬಳಿಕ ತುಂಬಿದ ಕುಳಿಯಿಂದ 3.3 ಸಿಸಿ ಹೀರಿ ತೆಗೆದು, ಅಂಚಿನಿಂದ ದ್ರವದ ಮಟ್ಟ ಎಷ್ಟು ಕೆಳಗಿಳಿಯಿತು ಎಂದು ಅಳೆದರೆ, ಸ್ಕಿಮ್ ಮಾಡಬೇಕಾದ ದಪ್ಪ ನೇರವಾಗಿ ಸಿಗುತ್ತದೆ. ನಾಲ್ಕೂ ಕುಳಿಗಳನ್ನು ಅಳೆಯಿರಿ; ಒಂದೇ ಇರುವುದಿಲ್ಲ.

ಶೇಕಡ 20 ಎಥನಾಲ್ ಬೆರೆತ ಇ20 ಬರುವ ಮೊದಲು ನಮ್ಮ ಬಂಕುಗಳ ಸಾಮಾನ್ಯ ಪೆಟ್ರೋಲ್ 91 ಆಕ್ಟೇನ್ ಇತ್ತು, ದುಬಾರಿಯದು 95. ಕಬ್ಬಿಣದ ಹೆಡ್ ಇರುವ ಈ ಎಂಜಿನ್‌ನಲ್ಲಿ ದಿನಬಳಕೆಗೆ 9ರ ಸುತ್ತಮುತ್ತ ನಿಲ್ಲುವುದೇ ಜಾಣತನ. ಬೆಂಗಳೂರು, ಮೈಸೂರಿನ ಎತ್ತರದಲ್ಲಿ ನಾಕಿಂಗ್ (ಮಿಶ್ರಣ ತಾನಾಗಿ ಹೊತ್ತಿ ಬಡಿಯುವುದು) ಇಲ್ಲದೆ ಓಡಿದ ಎಂಜಿನ್ ಕರಾವಳಿಗೆ ಇಳಿದಾಗ ಕಿಣಿಕಿಣಿ ಎನ್ನಬಹುದು. ದಟ್ಟ ಗಾಳಿ, ಹೆಚ್ಚು ಒತ್ತಡ. ಘಟ್ಟದ ಮೇಲೆ ಮಾತ್ರ ಪರೀಕ್ಷಿಸಿ ತೃಪ್ತರಾಗಬೇಡಿ.

ಹಂತ 5: ಆಯ್ಕೆ

ಊರೊಳಗಿನ ಓಡಾಟ, ಕುಟುಂಬ, ಘಾಟಿ, ಒಂಟಿ ಕಾರ್ಬೊರೇಟರ್, ಮೂಲ ಎಕ್ಸಾಸ್ಟ್: 230ರಿಂದ 240 ಡಿಗ್ರಿಯಲ್ಲೇ ಇರಿ. ಲಿಫ್ಟ್ ಸ್ವಲ್ಪ ಹೆಚ್ಚಿದ್ದರೆ ಒಳ್ಳೆಯದು.

ಹೆಡ್ ಸ್ಕಿಮ್ ಆಗಿದೆ, ಪೋರ್ಟ್ ನಯವಾಗಿಸಿದ್ದೀರಿ, ಎಕ್ಸಾಸ್ಟ್ ಸಲೀಸಾಗಿದೆ, 1.5 ಇಂಚಿನ ಎಸ್‌ಯು ಕಾರ್ಬೊರೇಟರ್ ಒಂದೋ ಎರಡೋ ಇವೆ ಎಂದಾದರೆ 252 ಡಿಗ್ರಿಯ ಎಂಜಿಎ ಮಾದರಿ. ರಸ್ತೆಗೆ ನಾನು ಮನಸಾರೆ ಒಪ್ಪುವ ಮೇಲ್ಮಿತಿ ಇದು. ಇದೇ 16-56-51-21 ಟೈಮಿಂಗ್ ಎಂಜಿಎಯ ನಂತರ ಬಂದ 1800 ಸಿಸಿಯ ಎಂಜಿಬಿಯಲ್ಲೂ ಬಂತು. ಅಲ್ಲಿ ಅದು ಸಾಧುವಾಗಿ ಕಾಣುತ್ತದೆ, ಏಕೆಂದರೆ ದೊಡ್ಡ ಸಿಲಿಂಡರ್ ಅದೇ ಡ್ಯುರೇಷನ್ನನ್ನು ಕಡಿಮೆ ಆರ್‌ಪಿಎಂನಲ್ಲಿ ಅರಗಿಸಿಕೊಳ್ಳುತ್ತದೆ. ಎಂಜಿಬಿಗೆ ಮೃದು ಎಂದು ಯಾರಾದರೂ ಹೊಗಳಿದ 270ರ ಕ್ಯಾಮ್ 1489ಕ್ಕೆ ಮೃದುವಾಗಿರುವುದಿಲ್ಲ. ಕೆಂಟ್, ಪೈಪರ್‌ನಂಥ ಬ್ರಿಟಿಷ್ ತಯಾರಕರ ಬಿ-ಸೀರೀಸ್ ಪಟ್ಟಿ ನೋಡುವಾಗ ಅಲ್ಲಿನ ಆರ್‌ಪಿಎಂ ವ್ಯಾಪ್ತಿ 1800 ಸಿಸಿಗೋ ನಿಮ್ಮ ಸಿಸಿಗೋ ಎಂದು ಮೊದಲು ಕೇಳಿ.

270 ದಾಟಿದ್ದಕ್ಕೆ ಎಂಜಿನ್ 6,000 ಮುಟ್ಟಬೇಕು. 88.9 ಮಿ.ಮೀ. ಸ್ಟ್ರೋಕಿನಲ್ಲಿ 5,500ಕ್ಕೆ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 16.3 ಮೀಟರ್, 6,000ಕ್ಕೆ 17.8. ಮೂರೇ ಮೇನ್ ಬೇರಿಂಗ್ ಇರುವ, ಎಷ್ಟು ಸಲ ಗ್ರೈಂಡ್ ಆಗಿದೆಯೋ ತಿಳಿಯದ ಕ್ರ್ಯಾಂಕಿನ ಮೇಲೆ ಆ ಭಾರ ಹಾಕುವುದು ನ್ಯಾಯವಲ್ಲ. ಡ್ರಮ್ ಬ್ರೇಕಿನ ಕಾರು ಅದು ಎಂಬುದೂ ಇದೆ.

ಹಂತ 6: ಹೊಸದೋ, ರೀಗ್ರೈಂಡೋ?

ಹೊಸ ಎರಕದಿಂದ ಕಡೆದ ಕ್ಯಾಮ್ ದುಬಾರಿ, ತರಿಸಲು ಸುಂಕ ಬೇರೆ. ನಮ್ಮಲ್ಲಿ ಹೆಚ್ಚಿನವರು ಹಳೆಯ ಕ್ಯಾಮನ್ನೇ ರೀಗ್ರೈಂಡ್ ಮಾಡಿಸುತ್ತಾರೆ. ತಪ್ಪಿಲ್ಲ, ಆದರೆ ಏನಾಗುತ್ತದೆ ಎಂದು ತಿಳಿದಿರಲಿ. ಲೋಬಿನ ತುದಿಗೆ ಲೋಹ ಸೇರಿಸಲಾಗದು, ಆದ್ದರಿಂದ ಬುಡದ ವೃತ್ತವನ್ನು ತೆಳ್ಳಗೆ ಮಾಡಿ ಲಿಫ್ಟ್ ಪಡೆಯುತ್ತಾರೆ. ಟ್ಯಾಪೆಟ್ ಅಷ್ಟು ಕೆಳಗಿಳಿಯುತ್ತದೆ. ರಾಕರ್ ಸ್ಕ್ರೂ ಪೂರ್ತಿ ಹೊರಗೆ ಬಂದು ಪುಷ್‌ರಾಡಿನ ಬಟ್ಟಲಿಗೆ ಓರೆಯಾಗಿ ಕೂತರೆ ಉದ್ದದ ಪುಷ್‌ರಾಡ್ ಬೇಕೆಂದು ಅರ್ಥ. ಗ್ರೈಂಡಿಂಗ್ ಗಡಸು ಪದರವನ್ನು ದಾಟಿದರೆ ಲೋಬ್ ಬೇಗ ಹೋಗುತ್ತದೆ. ಮುಗಿದ ಮೇಲೆ ಗಡಸುತನ ಪರೀಕ್ಷೆ, ಫಾಸ್ಫೇಟ್ ಲೇಪ ಕೇಳಿ ಮಾಡಿಸಿ.

ಟ್ಯಾಪೆಟ್ ಮಾತ್ರ ಎಂದೂ ಹಳೆಯದು ಬೇಡ. ಹೊಸ ಟ್ಯಾಪೆಟ್ ಕೈಗೆ ಸಿಕ್ಕಾಗ ಒಂದರ ಬದಿಯ ನೇರ ಅಂಚನ್ನು ಇನ್ನೊಂದರ ಮುಖದ ಮೇಲಿಟ್ಟು ಬೆಳಕಿಗೆ ಹಿಡಿಯಿರಿ. ಮಧ್ಯ ತಾಗಿ ಎರಡೂ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಕಾಣಬೇಕು. ಮುಖ ಹಾಗೆ ತುಸು ಉಬ್ಬಿದ್ದು, ಲೋಬ್ ತುಸು ಓರೆಯಾಗಿರುವುದರಿಂದಲೇ ಟ್ಯಾಪೆಟ್ ಓಡುವಾಗ ತನ್ನಷ್ಟಕ್ಕೆ ತಿರುಗುತ್ತ ಸಮವಾಗಿ ಸವೆಯುತ್ತದೆ. ಹಳೆಯ ಟ್ಯಾಪೆಟ್‌ನಲ್ಲಿ ಬೆಳಕು ನಡುವೆ ಕಾಣುತ್ತದೆ, ಅಂದರೆ ಮುಖ ಗುಳಿಬಿದ್ದಿದೆ. ಅದು ಹೊಸ ಲೋಬನ್ನು ಕೆಲವೇ ನೂರು ಕಿಲೋಮೀಟರ್‌ಗಳಲ್ಲಿ ತಿಂದುಹಾಕಬಲ್ಲದು.

ಕೊಳ್ಳುವಾಗ ಇವನ್ನೂ ನೋಡಿ: ಅಂಬಾಸಿಡರ್‌ನ ಮೆಕ್ಯಾನಿಕಲ್ ಪೆಟ್ರೋಲ್ ಪಂಪಿಗೆ ಕ್ಯಾಮ್ ಮೇಲೆ ಲೋಬ್ ಬೇಕು, ಸ್ಪೋರ್ಟ್ಸ್ ಕಾರಿಗೆಂದು ಮಾಡಿದ್ದರಲ್ಲಿ ಇಲ್ಲದಿರಬಹುದು. ಡಿಸ್ಟ್ರಿಬ್ಯೂಟರ್, ಆಯಿಲ್ ಪಂಪ್ ಓಡಿಸುವ ಗೇರಿನ ಹಲ್ಲು ಸರಿಯಿರಬೇಕು. ನಂತರದ ಎಂಜಿಬಿ ಎಂಜಿನ್‌ಗಳಲ್ಲಿ ಟ್ಯಾಪೆಟ್, ಪುಷ್‌ರಾಡ್ ಉದ್ದಗಳು ಬದಲಾದವು, ಅವನ್ನು ಬೆರೆಸಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಚೈನ್, ಗ್ಯಾಸ್ಕೆಟ್ ಹುಡುಕಲು ಹೋಗುವಾಗ ಹಳೆಯ ಭಾಗವನ್ನು ಕೈಯಲ್ಲೇ ಒಯ್ಯಿರಿ.

ಹಂತ 7: ಜೋಡಿಸುವ ಮುನ್ನ ಅಂತರಗಳು

ಪೂರ್ತಿ ಲಿಫ್ಟ್‌ನಲ್ಲಿ ವಾಲ್ವ್ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಕೂಡಿಬಿಡಬಾರದು, ಒಟ್ಟು 1.5 ಮಿ.ಮೀ. ಮಿಗಬೇಕು. ಸ್ಪ್ರಿಂಗಿನ ಮೇಲಿನ ಬಟ್ಟಲಿಗೂ ಗೈಡ್ ತುದಿಗೂ ಅಷ್ಟೇ ಅಂತರ. ಹೆಡ್ ಸ್ಕಿಮ್ ಮಾಡಿಸಿದ್ದರೆ ಪಿಸ್ಟನ್ ಮೇಲೆ ಪ್ಲಾಸ್ಟಿಸಿನ್ ಮಣ್ಣು ಇಟ್ಟು, ಹೆಡ್ ಬಿಗಿದು, ಕೈಯಿಂದ ಎರಡು ಸುತ್ತು ತಿರುಗಿಸಿ, ಬಿಚ್ಚಿ, ಮಣ್ಣನ್ನು ಕೊಯ್ದು ದಪ್ಪ ನೋಡಿ. ಇನ್‌ಲೆಟ್ ಕಡೆ 2 ಮಿ.ಮೀ., ಎಕ್ಸಾಸ್ಟ್ ಕಡೆ 2.5 ಇದ್ದರೆ ನೆಮ್ಮದಿ.

ಹಂತ 8: ಡಿಗ್ರಿ ಚಕ್ರ ಹಾಕಿ ಕೂರಿಸುವುದು

ಕ್ರ್ಯಾಂಕಿನಿಂದ ಕ್ಯಾಮ್ ತಿರುಗಿಸುವ ಚೈನ್ ಚಕ್ರಗಳ ಚುಕ್ಕೆ ಎದುರುಬದುರು ಬಂದರೆ ಸಾಕೆನ್ನುವವರು ಅನೇಕರು. ಚುಕ್ಕೆ ಮೂಲ ಕ್ಯಾಮ್‌ಗೆ ಸರಿ. ರೀಗ್ರೈಂಡ್ ಆದದ್ದರಲ್ಲಿ ಲೋಬ್ ಕೀ-ವೇಗೆ (ಚೈನ್ ಚಕ್ರವನ್ನು ಹಿಡಿಯುವ ಕೀ ಕೂರುವ ಗಾಡಿಗೆ) ಹೋಲಿಸಿದರೆ ನಾಲ್ಕೈದು ಡಿಗ್ರಿ ಆಚೀಚೆ ಇರುವುದು ಹೊಸದೇನಲ್ಲ.

ಕ್ರ್ಯಾಂಕಿನ ತುದಿಗೆ ಡಿಗ್ರಿ ಗುರುತುಗಳ ಚಕ್ರ ಬಿಗಿದು, ಪಕ್ಕದಲ್ಲಿ ಸೂಚಕ ತಂತಿ ಕಟ್ಟಿ, ಮೊದಲು ನಿಜವಾದ ಮೇಲ್ತುದಿ ಹುಡುಕಿ. ಮೊದಲ ಸಿಲಿಂಡರ್‌ನ ಪ್ಲಗ್ ತೂತಿಗೆ ಪಿಸ್ಟನ್ ತಡೆಯುವ ಬೋಲ್ಟ್ ಹಾಕಿ, ಕ್ರ್ಯಾಂಕನ್ನು ಒಂದು ದಿಕ್ಕಿಗೆ ತಿರುಗಿಸಿ ತಾಗಿದಲ್ಲಿ ಓದಿ, ಇನ್ನೊಂದು ದಿಕ್ಕಿಗೆ ತಿರುಗಿಸಿ ಓದಿ; ಎರಡರ ನಟ್ಟನಡುವೆ ಮೇಲ್ತುದಿ. ಸೂಚಕ ತಂತಿಯನ್ನು ಅಲ್ಲಿ ಸೊನ್ನೆಗೆ ಬಗ್ಗಿಸಿ, ಬೋಲ್ಟ್ ತೆಗೆಯಿರಿ.

ಇನ್‌ಲೆಟ್ ಪುಷ್‌ರಾಡ್ ಮೇಲೆ ಡಯಲ್ ಗೇಜ್ ಇಟ್ಟು, ಯಾವಾಗಲೂ ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸಿ. ಲೋಬಿನ ತುದಿ ಚಪ್ಪಟೆಯಾಗಿರುವುದರಿಂದ ಪೂರ್ತಿ ಲಿಫ್ಟ್ ಎಲ್ಲಿ ಎಂದು ಕಣ್ಣಿಗೆ ತಿಳಿಯದು. ಆದ್ದರಿಂದ ಪೂರ್ತಿ ಲಿಫ್ಟ್‌ಗೆ 1 ಮಿ.ಮೀ. ಕಡಿಮೆ ಇರುವಾಗ ಏರುವ ಬದಿಯಲ್ಲಿ ಒಂದು ಅಂಕಿ, ಇಳಿಯುವ ಬದಿಯಲ್ಲಿ ಒಂದು ಅಂಕಿ ಬರೆದುಕೊಳ್ಳಿ. ಉದಾಹರಣೆಗೆ 76 ಮತ್ತು 152 ಬಂದರೆ ನಡುವೆ 114. ಕಾರ್ಡ್ 110 ಎಂದಿದ್ದರೆ ಕ್ಯಾಮ್ 4 ಡಿಗ್ರಿ ಹಿಂದೆ ಬಿದ್ದಿದೆ. ಆಫ್‌ಸೆಟ್ ಕೀ (ಚಕ್ರವನ್ನು ತುಸು ಆಚೀಚೆ ಕೂರಿಸುವ ಓರೆ ಕೀ) ಹಾಕಿ ಸರಿಪಡಿಸಿ. ಊರೊಳಗೇ ಹೆಚ್ಚು ಓಡಿಸುವವರು 108ಕ್ಕೆ ಇಟ್ಟರೆ ಇನ್‌ಲೆಟ್ ಎರಡು ಡಿಗ್ರಿ ಬೇಗ ಮುಚ್ಚಿ ಕೆಳಗಿನ ಪುಲಿಂಗ್ ಸ್ವಲ್ಪ ಹೆಚ್ಚುತ್ತದೆ.

ಚೈನ್, ಟೆನ್ಷನರ್ ಹೊಸದೇ ಇರಲಿ. ಸಡಿಲ ಚೈನಿನಲ್ಲಿ ಈ ಶ್ರಮವೆಲ್ಲ ವ್ಯರ್ಥ.

ಹಂತ 9: ಮೊದಲ ಇಪ್ಪತ್ತು ನಿಮಿಷ

ಲೋಬ್, ಟ್ಯಾಪೆಟ್ ಮುಖಗಳಿಗೆ ಮೋಲಿಬ್ಡಿನಂ ಪೇಸ್ಟ್ ಧಾರಾಳವಾಗಿ ಹಚ್ಚಿ. ಪ್ಲಗ್ ತೆಗೆದಿಟ್ಟು ಆಯಿಲ್ ಒತ್ತಡ ಕಾಣುವವರೆಗೆ ಮಾತ್ರ ಸ್ಟಾರ್ಟರ್ ಕೊಡಿ. ಇಗ್ನಿಷನ್ ಟೈಮಿಂಗ್, ಕಾರ್ಬೊರೇಟರ್‌ಗೆ ಪೆಟ್ರೋಲ್, ರೇಡಿಯೇಟರ್ ನೀರು ಮೊದಲೇ ಸಿದ್ಧವಿರಬೇಕು, ಏಕೆಂದರೆ ಎಂಜಿನ್ ಹತ್ತಿದೊಡನೆ ಐಡ್ಲಿಂಗ್‌ಗೆ ಬಿಡುವಂತಿಲ್ಲ. ನೇರವಾಗಿ 2,000ಕ್ಕೆ ಏರಿಸಿ, 2,000 ಮತ್ತು 2,500ರ ನಡುವೆ ಏರಿಳಿಸುತ್ತ ಇಪ್ಪತ್ತು ನಿಮಿಷ ಓಡಿಸಿ. ಟ್ಯಾಪೆಟ್‌ಗಳಿಗೆ ಎಣ್ಣೆ ಸಿಗುವುದು ಹೆಚ್ಚಾಗಿ ಕ್ರ್ಯಾಂಕ್ ಚಿಮ್ಮಿಸಿದಾಗ, ಐಡ್ಲಿಂಗ್‌ನಲ್ಲಿ ಅದು ಸಾಲದು. ಬಿಸಿ ಏರಿದರೆ ನಿಲ್ಲಿಸಿ, ಆರಿದ ಮೇಲೆ ಮುಂದುವರಿಸಿ. ಮುಂದೆ ಫ್ಯಾನ್ ಇಟ್ಟುಕೊಳ್ಳಿ.

ಎಣ್ಣೆಯಲ್ಲಿ ಸತು-ರಂಜಕ ಸಂಯುಕ್ತ, ಅಂದರೆ ಝಡ್‌ಡಿಡಿಪಿ, ಇರಬೇಕು. ಇಂದಿನ ತೆಳು ಪೆಟ್ರೋಲ್ ಎಣ್ಣೆಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲೆಂದು ರಂಜಕಕ್ಕೆ 800 ಪಿಪಿಎಂ ಮಿತಿ ಹಾಕಿದ್ದಾರೆ. ಜಾರುವ ಟ್ಯಾಪೆಟ್‌ಗೆ ಅದು ಕಡಿಮೆ. 20ಡಬ್ಲ್ಯು-50 ಖನಿಜ ಎಣ್ಣೆಗಳಲ್ಲಿ ಈ ಅಂಶ ಎಷ್ಟಿದೆ ಎಂದು ಮಾಹಿತಿ ಪತ್ರದಲ್ಲಿ ನೋಡಿ, 1,000-1,200 ಪಿಪಿಎಂ ಇರುವುದನ್ನು ಆರಿಸಿ.

ಹಂತ 10: ಕಾರ್ಬೊರೇಟರ್, ಇಗ್ನಿಷನ್

ಹೊಸ ಕ್ಯಾಮ್ ಹಾಕಿ ಹಳೆಯ ಸೆಟ್ಟಿಂಗ್‌ನಲ್ಲೇ ಓಡಿಸಿದವರಿಗೆ ಕ್ಯಾಮ್ ಅರ್ಧವೇ ಸಿಗುತ್ತದೆ. ಎಸ್‌ಯು ಇದ್ದರೆ ಸೂಜಿ ಬದಲಾಗಬಹುದು. ಸೋಲೆಕ್ಸ್ ಕಾರ್ಬೊರೇಟರ್ ಇದ್ದರೆ ಐಡ್ಲಿಂಗ್ ಜೆಟ್‌ನಿಂದ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಭಾಗ) ಶುರುಮಾಡಿ ಮೇನ್ ಜೆಟ್, ಕೊನೆಗೆ ಏರ್ ಕರೆಕ್ಟರ್. ಇ20 ಪೆಟ್ರೋಲ್‌ನಲ್ಲಿ ಎಥನಾಲ್ ತನ್ನದೇ ಆಮ್ಲಜನಕ ತರುವುದರಿಂದ, ಶುದ್ಧ ಪೆಟ್ರೋಲ್‌ಗೆ ಹೊಂದಿಸಿದ ಹಳೆಯ ಜೆಟ್‌ಗಳು ಸುಮಾರು 7-8 ಪ್ರತಿಶತ ಲೀನ್ (ಪೆಟ್ರೋಲ್ ಕಡಿಮೆ) ಆಗುತ್ತವೆ. ಪ್ಲಗ್ ಬಿಳಿಚಿದ್ದರೆ ಕ್ಯಾಮ್ ಮೇಲೆ ಗೂಬೆ ಕೂರಿಸುವ ಮೊದಲು ಇದನ್ನು ನೆನೆಯಿರಿ. ಪೆಟ್ರೋಲ್ ಪೈಪ್, ಪಂಪಿನ ಡಯಾಫ್ರಮ್ ಎಥನಾಲ್ ತಡೆಯುವಂಥವಾಗಿರಬೇಕು.

ಐಡ್ಲಿಂಗ್ 900-950ಕ್ಕೆ ಏರಿಸಿ. ವ್ಯಾಕ್ಯೂಮ್ ಗೇಜ್ ಬೆಂಗಳೂರಿನಲ್ಲಿ ಮಂಗಳೂರಿಗಿಂತ 3 ಇಂಚಿನಷ್ಟು ಕಡಿಮೆ ತೋರಿಸುವುದು ಸಹಜ. ಮುಳ್ಳು ನಡುಗದೆ ನಿಂತಿದೆಯೇ ಎಂಬುದನ್ನು ನೋಡಿ. ಕೆಳ ಆರ್‌ಪಿಎಂನಲ್ಲಿ ಸಿಲಿಂಡರ್ ಕಡಿಮೆ ತುಂಬುವುದರಿಂದ ಸ್ಟ್ಯಾಟಿಕ್ ಅಡ್ವಾನ್ಸ್ (ಎಂಜಿನ್ ನಿಂತಿರುವಾಗ ಹೊಂದಿಸುವ, ಮೇಲ್ತುದಿಗೆ ಎಷ್ಟು ಮೊದಲು ಕಿಡಿ ಬೀಳಬೇಕು ಎಂಬ ಕೋನ) ಎರಡು ಮೂರು ಡಿಗ್ರಿ ಹೆಚ್ಚು ಬೇಡಬಹುದು, ಆದರೆ ಹೆಚ್ಚು ಆರ್‌ಪಿಎಂನಲ್ಲಿನ ಒಟ್ಟು ಅಡ್ವಾನ್ಸ್ ಹೆಚ್ಚಬಾರದು. ಡಿಸ್ಟ್ರಿಬ್ಯೂಟರ್‌ನ ಸವೆದ ಸ್ಪ್ರಿಂಗ್ ಇದನ್ನೆಲ್ಲ ಕೆಡಿಸುತ್ತದೆ. ಟೈಮಿಂಗ್ ಲೈಟ್ ಹಿಡಿದು 3,500ರವರೆಗೆ ನೋಡಿ.

ಮೊದಲ 500 ಕಿ.ಮೀ. ಮುಗಿದ ಮೇಲೆ ಎಣ್ಣೆ, ಫಿಲ್ಟರ್ ಬದಲಿಸಿ, ಫಿಲ್ಟರ್ ಕೊಯ್ದು ಒಳಗೆ ಲೋಹದ ಮಿಣುಕು ಇದೆಯೇ ನೋಡಿ. ಟ್ಯಾಪೆಟ್ ಅಂತರವನ್ನು ಕ್ಯಾಮ್ ಕಾರ್ಡ್ ಹೇಳಿದಂತೆ ಮತ್ತೆ ಹೊಂದಿಸಿ, ಎಂಟೂ ಅಂಕಿಗಳನ್ನು ಬರೆದಿಡಿ. ಮುಂದಿನ ಸಲ ಒಂದೇ ವಾಲ್ವಿನ ಅಂತರ ಉಳಿದವುಗಳನ್ನು ಬಿಟ್ಟು ಬೆಳೆದಿದ್ದರೆ ಆ ಟ್ಯಾಪೆಟ್ಟೋ ಲೋಬೋ ಸವೆಯಲು ಶುರುವಾಗಿದೆ. ಬದಿಯ ಟ್ಯಾಪೆಟ್ ಕವರ್ ತೆಗೆದು ಆ ಟ್ಯಾಪೆಟ್ ಮುಖ ನೋಡಿ, ಲೋಬ್ ಪುಡಿಯಾಗಿ ಬೇರಿಂಗ್‌ಗಳನ್ನು ಸೇರುವ ಮುನ್ನ ಎಂಜಿನ್ ನಿಲ್ಲಿಸಿ.